ಎರಡು ತುದಿಯಲ್ಲೂ ಸ್ಥಿರ, ನಡುವೆ ಮಾತ್ರ ಅಸ್ಥಿರ: ಎಂತ ಆಗಿರಬಹುದು?

ಪ್ರಶ್ನೆ (ಸುರತ್ಕಲ್)
ಎರಡು ಆಂಪ್ಲಿಫೈಯರ್ ಹಂತಗಳನ್ನು ಒಂದಕ್ಕೊಂದು ಜೋಡಿಸಿದ ಬೋರ್ಡ್ ಉಂಟು. ಎರಡರ ಟೈಮ್ ಕಾನ್‌ಸ್ಟಂಟ್ ಕೂಡ 1 ಸೆಕೆಂಡು. ಹೋಗುವ ದಾರಿಗೂ ಬರುವ ದಾರಿಗೂ ಒಟ್ಟು ಗೇನ್ (ಸಿಗ್ನಲ್ ಎಷ್ಟು ಪಟ್ಟು ಹೆಚ್ಚುತ್ತದೆ ಎಂಬ ಅಂಕಿ) 3ನ್ನು ಒಂದೇ ಪಾಟ್ (ನಾಬ್ ತಿರುಗಿಸಿ ಬದಲಿಸುವ ರೆಸಿಸ್ಟರ್) ಹಂಚುತ್ತದೆ. ಪಾಟ್‌ನ ಸ್ಥಾನ ‘ಕ’, 0ಯಿಂದ 1ರವರೆಗೆ. ಬೋರ್ಡಿನ ಚಲನೆ ಹೇಳುವ ಮ್ಯಾಟ್ರಿಕ್ಸ್‌ನ ಮೊದಲ ಸಾಲು −1, 3ಕ. ಎರಡನೆಯದು 3(1−ಕ), −1. ಎರಡೂ ತುದಿಯಲ್ಲಿ ಐಗನ್ ಮೌಲ್ಯ (ಸೊನ್ನೆಗಿಂತ ಕಡಿಮೆಯಾದರೆ ಔಟ್‌ಪುಟ್ ತಾನೇ ತಣ್ಣಗಾಗುತ್ತದೆ, ಹೆಚ್ಚಾದರೆ ಬೆಳೆಯುತ್ತಾ ಹೋಗುತ್ತದೆ) −1, −1. ಆದರೆ ನಾಬ್ ನಡುವಿಗೆ ಬಂದರೆ ಔಟ್‌ಪುಟ್ ಸಪ್ಲೈ ವೋಲ್ಟೇಜಿಗೆ ಹೋಗಿ ಅಂಟಿಕೊಳ್ಳುತ್ತದೆ. ಲೆಕ್ಕ ಎಲ್ಲಿ ತಪ್ಪಿತು?

ಉತ್ತರ 1 (ಉಡುಪಿ)
ಬೋರ್ಡಿನ ತಪ್ಪಲ್ಲ ಮಾರಾಯ್ರೆ. ಮ್ಯಾಟ್ರಿಕ್ಸ್‌ನ ಅಂಕಿಗಳು ನೇರ ಗೆರೆಯಲ್ಲಿ ಬದಲಾದರೂ ಐಗನ್ ಮೌಲ್ಯ ಹಾಗೆ ಬದಲಾಗುವುದಿಲ್ಲ. ನಿಮ್ಮದು −1 ± 3√(ಕ(1−ಕ)). ಕ = 0.5 ಹಾಕಿ ನೋಡಿ: +0.5, −2.5. ಲೂಪ್ ಗೇನ್ (ಸಿಗ್ನಲ್ ಹೋಗಿ ಬರುವ ಒಂದು ಸುತ್ತಿನ ಗೇನ್, 1 ದಾಟಿದರೆ ಅಸ್ಥಿರ) 9ಕ(1−ಕ) ಅಲ್ವಾ, ಅದು ಸುಮಾರು 0.127ರಲ್ಲಿ 1 ದಾಟಿ, 0.873ರಲ್ಲಿ ಮತ್ತೆ ಕೆಳಗಿಳಿಯುತ್ತದೆ. ನಾಬ್‌ನ ಮುಕ್ಕಾಲು ಸುತ್ತು ಅಸ್ಥಿರವೇ.

ಉತ್ತರ 2 (ಮಣಿಪಾಲ)
ತುದಿಯ −1 ಕೂಡ ನಂಬುವಂಥದ್ದಲ್ಲ. ಕ = 1ರಲ್ಲಿ ಕೆಳಗಿನ ಎಡ ಅಂಕಿ 0. ಅಲ್ಲಿ ಬರೇ 0.03 ಸೋರಿದರೆ ಐಗನ್ ಮೌಲ್ಯ −0.7ಕ್ಕೆ ಬರುತ್ತದೆ, ಅಂದರೆ ಸೋರಿದ್ದರ ಹತ್ತು ಪಟ್ಟು ಚಲನೆ. 1/3 ಸೋರಿದರೆ ಸೊನ್ನೆ. ಆ ತುದಿಯಲ್ಲಿ ಐಗನ್ ವೆಕ್ಟರ್ (ಮ್ಯಾಟ್ರಿಕ್ಸ್ ತಿರುಗಿಸದೆ ಬಿಡುವ ದಿಕ್ಕು) ಎರಡರ ಬದಲು ಒಂದೇ ಉಳಿದಿರುವುದರಿಂದ ವರ್ಗಮೂಲದ ಈ ಪೆಟ್ಟು.

ಪ್ರಶ್ನೆ ಕೇಳಿದವರು
ಹಾಗಾದರೆ ನಾಲ್ಕೂ ಅಂಕಿಗೆ ±5% ಇಟ್ಟು 16 ಮೂಲೆ (ಪ್ರತಿ ಅಂಕಿಯ ಕನಿಷ್ಠ, ಗರಿಷ್ಠಗಳ ಎಲ್ಲ ಜೋಡಣೆ) ನೋಡಿದರೆ ಸಾಕಾ ಸರ್?

ಉತ್ತರ 3 (ಮಂಗಳೂರು)
ನಾಲ್ಕೂ ತಮ್ಮಷ್ಟಕ್ಕೆ ಬದಲಾಗುವುದಾದರೆ 2×2ಕ್ಕೆ ಸಾಕು. 2×2 ಸ್ಥಿರವಾಗಲು ಟ್ರೇಸ್ (ಕರ್ಣದ ಅಂಕಿಗಳ ಮೊತ್ತ) ಸೊನ್ನೆಗಿಂತ ಕಡಿಮೆ, ಡಿಟರ್ಮಿನೆಂಟ್ (ಎರಡು ಕರ್ಣಗಳ ಗುಣಲಬ್ಧಗಳ ವ್ಯತ್ಯಾಸ) ಸೊನ್ನೆಗಿಂತ ಹೆಚ್ಚು ಇರಬೇಕು. ಎರಡೂ ಪ್ರತಿ ಅಂಕಿಯಲ್ಲೂ ನೇರ, ಹಾಗಾಗಿ ಕೆಟ್ಟ ಸ್ಥಿತಿ ಮೂಲೆಯಲ್ಲೇ ಸಿಗುತ್ತದೆ. ನಿಮ್ಮಲ್ಲಿ ಒಂದೇ ಪಾಟ್ ಎರಡು ಅಂಕಿಯನ್ನು ಅಲ್ಲಾಡಿಸುತ್ತದೆ. ಅದಕ್ಕೆ ‘ಕ’ದ ತುದಿ ಮಾತ್ರ ನೋಡಿ ಮೋಸಹೋದದ್ದು. 3×3ರಿಂದ ಮೇಲೆ, ಸಿಮೆಟ್ರಿಕ್ (ಕರ್ಣದ ಎರಡೂ ಬದಿ ಕನ್ನಡಿಯಂತೆ ಒಂದೇ) ಅಲ್ಲದಿದ್ದರೆ, ಸ್ವತಂತ್ರ ಅಂಕಿಗಳಿಗೂ ಮೂಲೆ ಸಾಲುವುದಿಲ್ಲ. ನಾಲ್ಕೇ ತುದಿ ಬಹುಪದ ನೋಡಿದರೆ ಸಾಕು ಎನ್ನುವ, ಖರಿಟೊನೋವ್ 1978ರಲ್ಲಿ ಕೊಟ್ಟ ಪ್ರಮೇಯವನ್ನು ಇಲ್ಲಿಗೆ ತರಬೇಡಿ, ಅದು ಸಹಗುಣಕಗಳು ಸ್ವತಂತ್ರವಾಗಿರುವ ಬಹುಪದಕ್ಕೆ.

ದೊಡ್ಡ ಮ್ಯಾಟ್ರಿಕ್ಸ್ ಆದರೆ ಎಲ್ಲ ಮೂಲೆಗೂ ಹೊಂದುವ ಒಂದೇ ಲ್ಯಾಪುನೋವ್ ಮ್ಯಾಟ್ರಿಕ್ಸ್ (ಶಕ್ತಿಯಂಥ ಒಂದು ಅಳತೆ ಸದಾ ಇಳಿಯುತ್ತದೆ ಎಂದು ತೋರಿಸುವಂಥದ್ದು) ಹುಡುಕಿ. ಸಿಕ್ಕಿದರೆ ನಾಬ್ ತಿರುಗಿಸುತ್ತಿರುವಾಗಲೂ ಸ್ಥಿರ. ಸಿಗದಿದ್ದರೆ ಅಸ್ಥಿರ ಎಂದರ್ಥವಲ್ಲ.

ಈ ಬೋರ್ಡಿಗೆ ಒಟ್ಟು ಗೇನ್ ಇಳಿಸಿ. 1.8 ಇಟ್ಟರೆ ನಡುವೆ −0.1 ಸಿಗುತ್ತದೆ, ಆದರೆ ±5% ಕೆಟ್ಟ ಕಡೆಗೆ ಸೇರಿದರೆ −0.95 + 0.945 = −0.005. ಅದು ಸಾಲದು. 1.6 ಇಡಿ, ಆಗ −0.95 + 0.84 = −0.11.