ಲೇಯರ್ 3 ಸ್ವಿಚ್ ಇದ್ದ ಮೇಲೆ ಲೇಯರ್ 4 ಯಾಕೆ?

ಹಿಂಜವಡಿ_ನೆಟ್:
ಪುಣೆಯ ಹಿಂಜವಡಿಯಲ್ಲಿರೋ ನಮ್ಮ ಆಫೀಸಲ್ಲಿ ಮೂರು ವಿಲ್ಯಾನ್ (ಒಂದೇ ನೆಟ್‌ವರ್ಕಿನೊಳಗೆ ಬೇರ್ಪಡಿಸಿದ ಭಾಗಗಳು) ಇವೆ. 10ರಲ್ಲಿ ಸಿಬ್ಬಂದಿ, 20ರಲ್ಲಿ ಸರ್ವರ್, 30ರಲ್ಲಿ ಕ್ಯಾಮೆರಾ. ಮೂರರ ನಡುವೆ ರೂಟಿಂಗ್ ಮಾಡೋದು ಒಂದು ಲೇಯರ್ 3 ಸ್ವಿಚ್, ಅಂದರೆ ಐಪಿ ವಿಳಾಸ ನೋಡಿ ದಾರಿ ಆರಿಸೋ ಸ್ವಿಚ್. ಈಗ ಒಂದೇ ವೆಬ್ ಅಪ್ಲಿಕೇಶನ್ ಎರಡು ಸರ್ವರ್ ಮೇಲೆ ಓಡಬೇಕು. ಮಾರೋಕೆ ಬಂದವರು ಈ ಕೋರ್ (ಮುಖ್ಯ) ಸ್ವಿಚ್ಚನ್ನೇ ಲೇಯರ್ 4ಗೆ, ಅಂದರೆ ಪೋರ್ಟ್ ಮತ್ತು ಸಂಪರ್ಕ ನೋಡಿ ಕೆಲಸ ಹಂಚೋದಕ್ಕೆ, ಬದಲಾಯಿಸಿ ಅಂತಿದ್ದಾರೆ. ಆದರೆ ಇರೋ ಸ್ವಿಚ್ಚಿನ ಎಸಿಎಲ್‌ನಲ್ಲೇ (ಯಾವುದನ್ನು ಬಿಡಬೇಕು, ತಡೆಯಬೇಕು ಅನ್ನೋ ನಿಯಮಗಳ ಪಟ್ಟಿ) ಸುರಕ್ಷಿತ ವೆಬ್‌ನ 443 ಅಂತ ಪೋರ್ಟ್ ನಂಬರ್ ಬರೆಯಬಹುದಲ್ಲ, ಅದೂ ಲೇಯರ್ 4 ತಾನೇ?

ಪ್ಯಾಕೆಟ್_ಪಾಟೀಲ:
ಕೋರ್ ಸ್ವಿಚ್ ಮುಟ್ಟಬೇಡಿ ಸರ್. ಪೋರ್ಟ್ ನಂಬರ್ ಓದೋದು ಬೇರೆ, ಸಂಪರ್ಕದ ಲೆಕ್ಕ ಇಡೋದು ಬೇರೆ.

ಲೇಯರ್ 3 ಸ್ವಿಚ್ ಪ್ಯಾಕೆಟ್ ತಲುಪಬೇಕಾದ ಐಪಿ ನೋಡುತ್ತೆ, ಟೇಬಲ್‌ನಲ್ಲಿ ಅತಿ ಉದ್ದಕ್ಕೆ ಹೊಂದೋ ಪ್ರಿಫಿಕ್ಸ್ (ವಿಳಾಸದ ಮೊದಲ ಭಾಗ) ಹುಡುಕುತ್ತೆ, ಟಿಟಿಎಲ್ (ಇನ್ನೆಷ್ಟು ರೂಟರ್ ದಾಟಬಹುದು ಅನ್ನೋ ಎಣಿಕೆ) ಒಂದು ಕಡಿಮೆ ಮಾಡಿ, ಐಪಿ ಹೆಡರ್ ಚೆಕ್‌ಸಮ್ (ತಪ್ಪು ಹಿಡಿಯೋ ಮೊತ್ತ) ಸರಿಪಡಿಸಿ, ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ವಿಳಾಸ) ಬದಲಿಸಿ ಕಳಿಸುತ್ತೆ. ಅಲ್ಲಿಗೆ ಅದನ್ನು ಮರೆತಾಯಿತು. ಮುಂದಿನ ಪ್ಯಾಕೆಟ್‌ಗೆ ಮತ್ತೆ ಮೊದಲಿಂದ. ನಿಮ್ಮ ಎಸಿಎಲ್ ಕೂಡ ಒಂದೊಂದೇ ಪ್ಯಾಕೆಟ್ ನೋಡಿ ಬಿಡುತ್ತೆ ಇಲ್ಲವೇ ತಡೆಯುತ್ತೆ, ಅಷ್ಟೇ.

ಲೇಯರ್ 4ರಲ್ಲಿ ಮೊದಲ ಸಿನ್ (ಟಿಸಿಪಿ ಸಂಪರ್ಕ ಶುರು ಮಾಡೋ ಪ್ಯಾಕೆಟ್) ಬಂದಾಗಲೇ ಎರಡೂ ಕಡೆಯ ಐಪಿ, ಎರಡೂ ಕಡೆಯ ಪೋರ್ಟ್, ಪ್ರೋಟೋಕಾಲ್ ಈ ಐದನ್ನೂ ಬರೆದಿಟ್ಟುಕೊಂಡು ಒಂದು ಸರ್ವರ್ ಆರಿಸುತ್ತೆ. ಸಂಪರ್ಕ ಮುಗಿಯೋವರೆಗೂ ಅದರ ಪ್ಯಾಕೆಟ್‌ಗಳೆಲ್ಲ ಅದೇ ಸರ್ವರ್‌ಗೆ. ನಿಮಗೆ ಬೇಕಾಗಿರೋದು ಈ ನೆನಪು. ಎರಡು ಸರ್ವರ್‌ಗೆ ಐಪಿವಿಎಸ್ (ಲಿನಕ್ಸಿನಲ್ಲೇ ಇರೋ ಲೇಯರ್ 4 ಹಂಚಿಕೆ) ಹಾಕಿದ ಒಂದು ಲಿನಕ್ಸ್ ಪೆಟ್ಟಿಗೆ ಬ್ಯಾಲೆನ್ಸರ್ ಆಗಿ ಸಾಕು. ಅದು ಕೆಟ್ಟರೆ ಎನ್ನೋ ಭಯಕ್ಕೆ ಇನ್ನೊಂದನ್ನು ಜೋಡಿಯಾಗಿ ಇಡಿ.

ಕೊಥರೂಡ್_ಕಮಾಂಡ್:
ಮೇಲಿನದು ಖರೆ ಅದ. ಆದ್ರ ಎಲ್ಲರೂ ಎಡವೋದು ವಾಪಸ್ ದಾರಿಯೊಳಗ, ಅದನ್ನ ನೋಡ್ರಿ.

ಬ್ಯಾಲೆನ್ಸರ್ ಮ್ಯಾಲಿನ ಅಪ್ಲಿಕೇಶನ್ ವಿಳಾಸ 10.20.0.100, ಸರ್ವರ್ 10.20.0.11 ಅಂತ ಇಟ್ಕೊಳ್ರಿ. ಬ್ಯಾಲೆನ್ಸರ್ .100ನ್ನ .11ಕ್ಕ ಬದಲಿಸಿ ಸರ್ವರ್‌ಗೆ ಕಳಸ್ತದ. ಸರ್ವರಿನ ಡೀಫಾಲ್ಟ್ ಗೇಟ್‌ವೇ (ಹೊರಗ ಹೋಗೋ ದಾರಿ) ಲೇಯರ್ 3 ಸ್ವಿಚ್ಚೇ ಆಗಿದ್ರ, ಉತ್ತರ ಬ್ಯಾಲೆನ್ಸರ್‌ಗೆ ಬರದ ಸೀದಾ ಬಳಕೆದಾರನ ಕಡೆ ಹೋಗ್ತದ. ಅವನ ಕಂಪ್ಯೂಟರ್ ಕೇಳಿದ್ದು .100ನ್ನ, ಸಿನ್-ಆಕ್ (ಸಿನ್‌ಗೆ ಉತ್ತರ) ಬಂದಿದ್ದು .11ರಿಂದ. ಗುರುತಿಲ್ಲದ ಸಂಪರ್ಕ ಅಂತ ಅವನ ಕಂಪ್ಯೂಟರ್ ಆರ್‌ಎಸ್‌ಟಿ (ಸಂಪರ್ಕ ಕಡಿಯೋ ಪ್ಯಾಕೆಟ್) ಕಳಸ್ತದ. ಪಿಂಗ್‌ಗೆ ಮಾತ್ರ ಬ್ಯಾಲೆನ್ಸರ್ ತಾನೇ ಉತ್ತರ ಕೊಡ್ತದ, ಹಿಂಗಾಗಿ ಎಲ್ಲಾ ಸರಿ ಅದ ಅನಸ್ತದ. ಟಿಸಿಪಿಡಂಪ್ (ಪ್ಯಾಕೆಟ್ ತೋರಸೋ ಸಾಧನ) ಅನ್ನ ಬಳಕೆದಾರನ ಕಡೆ ಹಚ್ಚಿ ನೋಡ್ರಿ, ಒಂದೇ ನಿಮಿಷದಾಗ ಗೊತ್ತಾಗ್ತದ.

ಸರ್ವರ್‌ಗಳ ಗೇಟ್‌ವೇ ಬ್ಯಾಲೆನ್ಸರ್ ಕಡೆ ತಿರುಗಿಸಿದ್ರ ಸಿಬ್ಬಂದಿಗೆ ನಡೀತದ. ಆದ್ರ ವಿಲ್ಯಾನ್ 20ರೊಳಗಿಂದನ ಯಾವುದರೆ ಸರ್ವರ್ .100ನ್ನ ಕರದ್ರ ಮತ್ತ ಅದೇ ಗತಿ. ಸೋರ್ಸ್ ನ್ಯಾಟ್ (ಕಳಿಸಿದವರ ಐಪಿ ಜಾಗಾದಾಗ ಬ್ಯಾಲೆನ್ಸರ್ ತನ್ನ ಐಪಿ ಹಾಕೋದು) ಹಾಕಿದ್ರ ಎಲ್ಲಾ ಕಡೆ ನಡೀತದ, ಲಾಗ್‌ನೊಳಗ ಬಳಕೆದಾರನ ಐಪಿ ಮಾತ್ರ ಕಾಣಂಗಿಲ್ಲ.

ನೇರ ಉತ್ತರದ ಪದ್ಧತಿ (ಸರ್ವರ್ ತಾನೇ .100 ಹೆಸರಿನಾಗ ಸೀದಾ ಬಳಕೆದಾರಗ ಉತ್ತರ ಕೊಡೋದು) ಬೇಕಂದ್ರ .100ನ್ನ ಎರಡೂ ಸರ್ವರಿನ ಲೂಪ್‌ಬ್ಯಾಕ್ (ಯಂತ್ರದ ಒಳಗಿನ ಇಂಟರ್‌ಫೇಸ್) ಮ್ಯಾಲೆ /32 (ಒಂದೇ ವಿಳಾಸ) ಆಗಿ ಇಟ್ಟು, ಎಆರ್‌ಪಿ (ಐಪಿಗೆ ಯಾವ ಮ್ಯಾಕ್ ಅಂತ ಕೇಳೋ ಪದ್ಧತಿ) ಬಗ್ಗೆ ಲಿನಕ್ಸಿನ ಎಆರ್‌ಪಿ ಇಗ್ನೋರ್ 1, ಎಆರ್‌ಪಿ ಅನೌನ್ಸ್ 2 ಮಾಡ್ರಿ. ಮರತ್ರ ಸರ್ವರ್‌ಗಳೂ ಎಆರ್‌ಪಿಗೆ ಉತ್ತರ ಕೊಟ್ಟು, ಯಾವುದು ಮೊದಲು ಕೂಗತದೋ ಅದರ ಮ್ಯಾಲೇ ಪೂರಾ ಭಾರ ಬೀಳ್ತದ. ಇದರಾಗ ಬದಲಾಗೋದು ಮ್ಯಾಕ್ ಅಷ್ಟೇ, ಹಂಗಾಗಿ 443ನ್ನ 8443ಕ್ಕ ತಿರುಗಿಸಲಿಕ್ಕೆ ಆಗಂಗಿಲ್ಲ.

ಹಿಂಜವಡಿ_ನೆಟ್:
ಸಿಬ್ಬಂದಿ ತಂತ್ರಾಂಶ ತೆರೆದಿಟ್ಟು ಊಟಕ್ಕೆ ಹೋಗಿ ಬಂದರೆ ಸಂಪರ್ಕ ಉಳಿಯುತ್ತಾ?

ಪ್ಯಾಕೆಟ್_ಪಾಟೀಲ:
ಹಾಗೇ ಬಿಟ್ಟರೆ ಉಳಿಯಲ್ಲ. ಐಪಿವಿಎಸ್‌ನಲ್ಲಿ ಸುಮ್ಮನಿದ್ದ ಟಿಸಿಪಿ ಸಂಪರ್ಕದ ನಮೂದು 900 ಸೆಕೆಂಡಿಗೆ ಅಳಿಯುತ್ತೆ. ಲಿನಕ್ಸಿನ ಕೀಪ್‌ಅಲೈವ್ (ಸಂಪರ್ಕ ಇನ್ನೂ ಇದೆಯಾ ಅಂತ ಕೇಳೋ ಪ್ಯಾಕೆಟ್) ಶುರುವಾಗೋದೇ 7200 ಸೆಕೆಂಡಿಗೆ, ಅದೂ ಅಪ್ಲಿಕೇಶನ್ ಕೇಳಿಕೊಂಡರೆ ಮಾತ್ರ. ಅಪ್ಲಿಕೇಶನ್‌ನಲ್ಲಿ ಕೀಪ್‌ಅಲೈವ್ ಆನ್ ಮಾಡಿ, ಸರ್ವರ್‌ಗಳಲ್ಲಿ ಅವಧಿಯನ್ನು 300ಕ್ಕೆ ಇಳಿಸಿ.