ಶಾರ್ಜಾದಲ್ಲಿ 5 ತಿಂಗಳ ಬಸುರಿ, ಹೆರಿಗೆಗೆ ಊರಿಗೆ ಬರುವುದಾ ಇಲ್ಲೇ ನಿಲ್ಲುವುದಾ? ಅನುಭವ ಇದ್ದವರು ಹೇಳಿ

ಪೆರ್ಲದ ಹುಡುಗಿ, ಶಾರ್ಜಾ:

ಎಲ್ಲರಿಗೂ ನಮಸ್ತೆ. ಊರು ಕಾಸರಗೋಡು ಜಿಲ್ಲೆಯ ಪೆರ್ಲ ಹತ್ರ, ಮದುವೆ ಆಗಿ ಇಲ್ಲಿಗೆ ಬಂದು ಎರಡು ವರ್ಷ ಆಯ್ತು. ಈಗ 20 ವಾರ, ಮೊದಲನೇದ್ದು, ಡೇಟ್ ನವೆಂಬರ್ ಮಧ್ಯಕ್ಕೆ ಕೊಟ್ಟಿದ್ದಾರೆ. ಅಮ್ಮಂದು ದಿನಾ ಒಂದೇ ರಾಗ, ಏಳನೇ ತಿಂಗಳಿಗೆ ಸೀಮಂತ, ಬಾ ಬಾ ಅಂತ. ಅತ್ತೆ ಬಾ ಅಂತ ಹೇಳುವುದಿಲ್ಲ, ಆದ್ರೆ ಪುಳ್ಳಿಯ ಮುಖ ನೋಡ್ಲಿಕ್ಕೆ ಎಷ್ಟು ತಿಂಗಳು ಕಾಯ್ಬೇಕೋ ಅಂತ ಕೇಳ್ತಾರೆ, ಅರ್ಥ ಆಯ್ತಲ್ಲ. ಇವರಿಗೆ ವರ್ಷಕ್ಕೆ ಒಂದೇ ತಿಂಗಳು ರಜೆ. ಇದರ ಮಧ್ಯೆ ಆಗಸ್ಟಲ್ಲಿ ಒಮಾನಿನ ಸಲಾಲಾಕ್ಕೆ ಹೋಗಿ ಬರುವ, ಮಗು ಆದ್ಮೇಲೆ ಎಲ್ಲಿಗೆ ಹೋಗ್ಲಿಕ್ಕೆ ಆಗ್ತದೆ ಅಂತ ಇವರದ್ದೊಂದು ಆಸೆ. ವಿಮಾನ ಎಷ್ಟು ವಾರದವರೆಗೆ ಹತ್ತಿಸ್ತಾರೆ, ಊರಲ್ಲಿ ಹೆತ್ತರೆ ಮಗುವಿನ ಪೇಪರ್ ಕೆಲಸ ಎಂತೆಲ್ಲ, ಇಲ್ಲಿ ಹೆತ್ತರೆ ಬಾಣಂತನ ಯಾರು ಮಾಡುವುದು, ಗೊತ್ತಿದ್ದವರು ಸ್ವಲ್ಪ ಹೇಳಿ ಪ್ಲೀಸ್. ನೆಟ್ಟಲ್ಲಿ ಓದಿ ಓದಿ ತಲೆ ಕೆಟ್ಟಿದೆ.

ನೀರ್ಚಾಲಿನ ಅಕ್ಕ, ಮೊದಲು ಅಜ್ಮಾನ್, ಈಗ ಊರಲ್ಲಿ:

ತಂಗೀ, ನನ್ನ ದೊಡ್ಡವನು ಹುಟ್ಟಿದ್ದು ಮಂಗಳೂರಲ್ಲಿ, ಸಣ್ಣವಳು ಅಜ್ಮಾನಲ್ಲಿ, ಹಾಗಾಗಿ ಎರಡೂ ಕಡೆಯ ಸುಖ ದುಃಖ ಗೊತ್ತು. ಮೊದಲು ಒಂದು ಮಾತು, ಅಮ್ಮ ಅತ್ತೆ ಎಂತ ಹೇಳ್ತಾರೆ ಅನ್ನುವುದನ್ನು ಬದಿಗಿಟ್ಟು ಒಂದು ಕ್ಯಾಲೆಂಡರ್ ತಗೊಂಡು ಕೂತ್ಕೋ. ನಿನ್ನ ವೀಸಾ ಮಾಮೂಲಿ ರೆಸಿಡೆನ್ಸ್ ವೀಸಾ ಆದ್ರೆ ಆರು ತಿಂಗಳಿಗಿಂತ ಜಾಸ್ತಿ ಹೊರಗೆ ನಿಂತ್ರೆ ಅದು ಹೋಯ್ತು. ಆಮೇಲೆ ಪರ್ಮಿಟ್ಟಿಗೆ ಅರ್ಜಿ ಹಾಕಿ ಫೈನ್ ಕಟ್ಟಿ ವಾಪಸ್ ಬರುವ ದಾರಿ ಉಂಟು, ಆದ್ರೆ ಕೈಯಲ್ಲಿ ಹಸಿ ಮಗು ಇಟ್ಕೊಂಡು ಆ ತಲೆಬಿಸಿ ಯಾಕೆ. ನೀನು 30 ವಾರಕ್ಕೆ ಅಂದ್ರೆ ಸೆಪ್ಟೆಂಬರ್ ಮೊದಲ ವಾರ ಬಂದ್ರೆ ಲೆಕ್ಕ ಮಾರ್ಚ್ ಮೊದಲ ವಾರಕ್ಕೆ ಮುಗೀತದೆ. ತುಂಬಾ ಟೈಮುಂಟು ಅಂತ ಕಾಣ್ತದೆ ಅಲ್ವಾ, ನನಗೂ ಹಾಗೇ ಕಂಡದ್ದು. ನವೆಂಬರಲ್ಲಿ ಹೆರಿಗೆ, ನಲ್ವತ್ತು ದಿನ ಕಳೀವಾಗ ಡಿಸೆಂಬರ್ ಮುಗಿಯಿತು, ಬರ್ತ್ ಸರ್ಟಿಫಿಕೇಟ್, ಮಗುವಿನ ಪಾಸ್‌ಪೋರ್ಟ್, ಸರ್ಟಿಫಿಕೇಟಿನ ಅಟೆಸ್ಟೇಷನ್, ಮತ್ತೆ ಅಲ್ಲಿಂದ ಮಗುವಿನ ವೀಸಾ. ನಾನು ವಾಪಸ್ ಹತ್ತಿದ್ದು 171ನೇ ದಿನ. ಅಮ್ಮ ಕೊಟ್ಟ ಲೇಹ ಹೊಟ್ಟೆಗೆ ಹೋಯ್ತಾ ಎಲ್ಲಿಗೆ ಹೋಯ್ತಾ ಗೊತ್ತಿಲ್ಲ, ಆ ಎರಡು ತಿಂಗಳು ನಾನು ದಿನ ಎಣಿಸಿದ್ದೇ.

ವಿಮಾನದ್ದು ಹೇಳುವುದಾದ್ರೆ, ಒಂದೇ ಮಗು, ಬೇರೆ ತೊಂದರೆ ಇಲ್ಲ ಅಂತಾದ್ರೆ ಹೆಚ್ಚಿನವರು 36 ವಾರದ ಹತ್ತಿರದವರೆಗೂ ಬಿಡ್ತಾರೆ, ಅವಳಿ ಆದ್ರೆ 32ಕ್ಕೇ ನಿಲ್ಲಿಸ್ತಾರೆ. 28 ವಾರ ಕಳೆದ ಮೇಲೆ ಡಾಕ್ಟರ ಕಾಗದ ಬೇಕು ಅಂತ ಲೆಕ್ಕ ಇಟ್ಕೋ, ಕೆಲವು ಕಂಪೆನಿ 32ರವರೆಗೆ ಕೇಳುವುದಿಲ್ಲ, ಒಂದೊಂದಕ್ಕೆ ಒಂದೊಂದು ರೂಲ್ಸ್, ಟಿಕೆಟ್ ತೆಗೆಯುವ ಮೊದಲು ಅವರದ್ದೇ ಸೈಟಲ್ಲಿ ನೋಡು. ನಾನು 31ನೇ ವಾರ ಹೊರಟದ್ದು, ಕಾಗದ ಇತ್ತು, ಫೈಲಲ್ಲಿ ಇಟ್ಟು ದೊಡ್ಡ ಜನದ ಹಾಗೆ ಕೌಂಟರಿಗೆ ಹೋದೆ. ಅಲ್ಲಿಯ ಹುಡುಗಿ ಓದಿ ಓದಿ ನೋಡಿದ್ಲು, ಕಾಗದದಲ್ಲಿ ಪ್ರಯಾಣ ಮಾಡಬಹುದು ಅಂತ ಉಂಟು, ಎಷ್ಟು ವಾರ ಅಂತ ಇಲ್ಲ, ಡ್ಯೂ ಡೇಟ್ ಇಲ್ಲ, ಒಂದು ಮಗುವಾ ಎರಡಾ ಅಂತಲೂ ಇಲ್ಲ. ಆಗುವುದಿಲ್ಲ ಅಂದ್ಲು. ರಾತ್ರಿ ಹನ್ನೊಂದು ಗಂಟೆ, ಇವರು ಆ ಕಾಗದ ಹಿಡ್ಕೊಂಡು ಟ್ಯಾಕ್ಸಿಯಲ್ಲಿ ಓಡಿ ಯಾವುದೋ ಕ್ಲಿನಿಕ್, ಅವರು ಬಸುರಿಯನ್ನು ನೋಡದೆ ಬರೆಯುವುದಿಲ್ಲ ಅಂದ್ರು, ಪುನಃ ವಾಪಸ್ ಬಂದು ನನ್ನನ್ನು ಕರ್ಕೊಂಡು ಹೋದ್ರು. ನಾನು ಹೊಟ್ಟೆ ಹಿಡ್ಕೊಂಡು, ಕೈಯಲ್ಲಿ ಒಂದು ಡಬ್ಬಿ ಖರ್ಜೂರ, ಸೂಟ್‌ಕೇಸೆಲ್ಲ ಏರ್‌ಪೋರ್ಟಲ್ಲಿ ಗುರ್ತದವರ ಹತ್ರ. ನಾಲ್ಕು ಗಂಟೆ ಮೊದಲೇ ಹೋದದ್ದು ಪುಣ್ಯ. ಹಾಗಾಗಿ ವಾರ, ಡೇಟ್, ಒಂದೇ ಮಗು, ವಿಮಾನಕ್ಕೆ ತೊಂದರೆ ಇಲ್ಲ, ಇಷ್ಟೂ ಬರೆಸು, ಸೀಲ್ ಹಾಕಿಸು, ಕಾಗದದ ತಾರೀಕು ಹಳತಾಗದ ಹಾಗೆ ಹೊರಡುವ ಎರಡು ಮೂರು ದಿನ ಮೊದಲು ತಗೋ.

ಇನ್ನು ಊರಲ್ಲಿ ಎಲ್ಲಿ? ನಮ್ಮ ಕಡೆಯವರಿಗೆ ಹೆರಿಗೆ ಅಂದ್ರೆ ಮಂಗಳೂರು ಅಂತ ಬಾಯಿಪಾಠ. ಸರಿಯೇ, ಆದ್ರೆ ನಿನಗೆ ನೆನಪುಂಟಲ್ಲ 2020ರ ಮಾರ್ಚ್ ಕೊನೆಗೆ ಕೊರೋನಾ ಅಂತ ತಲಪಾಡಿಯಲ್ಲಿ ಕೇರಳ ಕರ್ನಾಟಕ ಗಡಿ ಮುಚ್ಚಿದ್ದು, ಆಂಬುಲೆನ್ಸ್ ದಾಟ್ಲಿಕ್ಕೆ ಆಗದೆ ಕೆಲವರು ತೀರಿಹೋದದ್ದು, ಕೇಸು ಸುಪ್ರೀಂ ಕೋರ್ಟಿನವರೆಗೆ ಹೋದದ್ದು. ಆಗ ನನ್ನ ಅತ್ತಿಗೆಗೆ ದಿನ ತುಂಬಿತ್ತು, ಒಂಬತ್ತು ತಿಂಗಳು ತೋರಿಸಿದ ಡಾಕ್ಟರು ಗಡಿಯಾಚೆ, ಕೊನೆಗೆ ಕಾಸರಗೋಡಲ್ಲೇ ಹೆರಿಗೆ ಆಯ್ತು, ಚಂದವೇ ಆಯ್ತು. ಅಂಥ ಕಾಲ ಪುನಃ ಬರ್ತದೆ ಅಂತ ಅಲ್ಲ, ಆದ್ರೂ ಇಲ್ಲಿ ಹತ್ತಿರ ಒಂದು ಕಡೆ ಒಮ್ಮೆ ತೋರಿಸಿ ಫೈಲ್ ಮಾಡಿಟ್ಕೋ. ಮತ್ತೊಂದು ವಿಷಯ ಯಾರೂ ಹೇಳುವುದಿಲ್ಲ, ಮಂಗಳೂರಲ್ಲಿ ಹುಟ್ಟಿದ್ರೆ ಬರ್ತ್ ಸರ್ಟಿಫಿಕೇಟ್ ಕರ್ನಾಟಕದ್ದು. ಅಟೆಸ್ಟೇಷನ್‌ಗೆ ಯಾವ ರಾಜ್ಯದ ಪೇಪರೋ ಆ ರಾಜ್ಯದ ಸೀಲು ಮೊದಲು ಬೀಳಬೇಕು, ಮತ್ತೆ ದೆಹಲಿ ವಿದೇಶಾಂಗದ್ದು, ಮತ್ತೆ ಎಂಬಸಿಯದ್ದು. ನಾವು ಆಧಾರ್ ರೇಷನ್ ಕಾರ್ಡ್ ಎಲ್ಲ ಕೇರಳದವರು, ನಾನು ನೋರ್ಕಾ ನೋರ್ಕಾ (ಕೇರಳ ಸರಕಾರದ ಅನಿವಾಸಿಗಳ ಕಚೇರಿ) ಅಂತ ಕೂತದ್ದು, ಪೇಪರ್ ಹೋಗಬೇಕಾದ್ದು ಬೆಂಗಳೂರಿಗೆ. ಹದಿನೈದು ದಿನ ಅದರಲ್ಲೇ ಹೋಯ್ತು. ಕಾಸರಗೋಡಲ್ಲಿ ಹೆತ್ತರೆ ಈ ಸಮಸ್ಯೆ ಇಲ್ಲ, ಆದ್ರೆ ಹೆಸರಿನ ಸ್ಪೆಲ್ಲಿಂಗ್ ಕಣ್ಣಿಟ್ಟು ನೋಡು, ನಮ್ಮ ಕನ್ನಡ ಹೆಸರು ಮಲಯಾಳದಲ್ಲಿ ಬರೆದು ಅಲ್ಲಿಂದ ಇಂಗ್ಲಿಷಿಗೆ ಬರುವಾಗ ನಮಗೇ ಗುರ್ತ ಸಿಗುವುದಿಲ್ಲ. ನಿನ್ನ ಮತ್ತು ಗಂಡನ ಹೆಸರು ಪಾಸ್‌ಪೋರ್ಟಲ್ಲಿ ಹೇಗುಂಟೋ ಹಾಗೆಯೇ, ಇನಿಶಿಯಲ್ ಬಿಡಿಸಿ, ಒಂದು ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಆಸ್ಪತ್ರೆಯಲ್ಲಿ ಕೊಡು.

ಪಾಸ್‌ಪೋರ್ಟಿಗೆ ನಾವು ಹೋದದ್ದು ಪಯ್ಯನ್ನೂರಿಗೆ. ನಾಲ್ಕು ವರ್ಷದೊಳಗಿನ ಮಕ್ಕಳದ್ದು ಫೋಟೋ ನಾವೇ ತಗೊಂಡು ಹೋಗ್ಬೇಕು, ಹಿಂದೆ ಬಿಳಿ ಇರಬೇಕು. ಅಪ್ಪನ ಹೊಸ ಬಿಳಿ ಮುಂಡು ಚಾವಡಿಯಲ್ಲಿ ಹಾಸಿ ಮಗುವನ್ನು ಮಲಗಿಸಿ, ಅಪ್ಪ ತಲೆಯ ಹತ್ರ ಕೂತು ಬೀಗದ ಕೈ ಗೊಂಚಲು ಆಡಿಸುವುದು, ನಾನು ಮೇಲೆ ಬಗ್ಗಿ ತೆಗೆಯುವುದು. ಕಣ್ಣು ಬಿಟ್ರೆ ಬಾಯಿ ಆಕಳಿಸ್ತದೆ, ಬಾಯಿ ಮುಚ್ಚಿದ್ರೆ ಕಣ್ಣು ಮುಚ್ತದೆ, ಎರಡೂ ಸರಿಯಾದಾಗ ಅಪ್ಪನ ಕೈ ಫೋಟೋದಲ್ಲಿ. ನಲ್ವತ್ತು ಐವತ್ತು ತೆಗೆದೆವೋ ಏನೋ, ಕೊನೆಗೆ ಮುಂಡಿಗೇ ಮೂತ್ರ ಮಾಡಿದ. ನಗುವ ವಿಷಯ ಬಿಡು, ಗಟ್ಟಿ ವಿಷಯ ಎಂತ ಅಂದ್ರೆ ಮಗುವಿನ ಅರ್ಜಿಗೆ ಅಪ್ಪ ಅಮ್ಮ ಇಬ್ಬರ ಸಹಿ ಬೇಕು, ಗಂಡ ವಿದೇಶದಲ್ಲಿದ್ರೆ ಹೆಚ್ಚು ಪೇಪರ್. ಅವರು ರಜೆ ಮುಗಿಸಿ ವಿಮಾನ ಹತ್ತುವ ಮೊದಲು ಫಾರಂ ಪ್ರಿಂಟ್ ಮಾಡಿ ಸಹಿ ಹಾಕಿಸಿಡು.

ಸಣ್ಣವಳ ಸಲ ಅಜ್ಮಾನಲ್ಲೇ ನಿಂತೆ. ಪೇಪರ್ ಸುಲಭ, ಒಂದು ವರ್ಷದೊಳಗೆ ನಮ್ಮ ಕಾನ್ಸುಲೇಟಲ್ಲಿ ಜನನ ರಿಜಿಸ್ಟರ್ ಮಾಡಿ ಪಾಸ್‌ಪೋರ್ಟ್, ಅಲ್ಲಿಯ ವೀಸಾ 120 ದಿನದೊಳಗೆ. ಆದ್ರೆ ಮ್ಯಾರೇಜ್ ಸರ್ಟಿಫಿಕೇಟ್ ಅಟೆಸ್ಟ್ ಆದದ್ದು ಕೈಯಲ್ಲಿ ಇರಲೇಬೇಕು. ಆದ್ರೆ ತಂಗೀ, ಬೆಳಿಗ್ಗೆ ನಾಲ್ಕು ಗಂಟೆಗೆ ಮಗು ಅಳುವಾಗ ಹನ್ನೆರಡನೇ ಫ್ಲೋರಲ್ಲಿ ನಾನೊಬ್ಬಳೇ, ಊರಲ್ಲಿ ಆಗ ಐದೂವರೆ, ಅಮ್ಮ ಹಟ್ಟಿಗೆ ಹೋಗುವ ಹೊತ್ತು, ಫೋನ್ ಮಾಡಿ ಸ್ಪೀಕರಲ್ಲಿಟ್ಟು ಕೂರ್ತಿದ್ದೆ, ದನ ಕೂಗುವುದು ಕೇಳ್ತಿತ್ತು.

ಉಪ್ಪಳದವಳು, ದುಬೈ:

ನಾನು ಎರಡೂ ಇಲ್ಲೇ ಹೆತ್ತದ್ದು. ಉಮ್ಮ ವಿಸಿಟ್ ವೀಸಾದಲ್ಲಿ ಬಂದು ನಿಂತ್ರು. ಅವರನ್ನು ಒಂಬತ್ತನೇ ತಿಂಗಳ ಮೊದಲಿಗೇ ಕರೆಸಿಬಿಡಬೇಡಿ, ಹೆರಿಗೆ ಆಗುವಾಗ ಅರ್ಧ ವೀಸಾ ಮುಗಿದಿರ್ತದೆ. ಇನ್ಶೂರೆನ್ಸಲ್ಲಿ ಹೆರಿಗೆಗೆ ಲಿಮಿಟ್ ಎಷ್ಟು, ಕೈಯಿಂದ ಎಷ್ಟು ಪರ್ಸೆಂಟ್ ಕಟ್ಟಬೇಕು, ಸಿಸೇರಿಯನ್ ಆದ್ರೆ ಎಂತ, ಈಗಲೇ ಕೇಳಿ. ಮತ್ತೆ ಬಹಳ ಮುಖ್ಯ, ಊರಿಂದ ಬರುವವರ ಬ್ಯಾಗಲ್ಲಿ ಗಸಗಸೆ ಇರಬಾರದು. ಒಂದು ಚಮಚವೂ ಬೇಡ, ಇಲ್ಲಿ ಅದು ಡ್ರಗ್ಸಿನ ಲೆಕ್ಕ. ಬಾಣಂತಿ ಲಾಡಿಗೆ, ಮಸಾಲೆ ಪುಡಿಗೆ ಹಾಕಿರ್ತಾರೆ, ಹಾಕಿದ್ದು ಅವರಿಗೇ ನೆನಪಿರುವುದಿಲ್ಲ. ಉಮ್ಮ ಹೊರಡುವ ದಿನ ವಿಡಿಯೋ ಕಾಲಲ್ಲಿ ಒಂದೊಂದು ಪೊಟ್ಟಣ ಬಿಚ್ಚಿಸಿ ನೋಡಿದ್ದೇನೆ ನಾನು, ಬೈಗುಳವೂ ತಿಂದಿದ್ದೇನೆ. ಇಲ್ಲಿ ಸೀಮಂತ ಮಾಡುವವರು ವೀಳ್ಯದೆಲೆಯೂ ತರಿಸಬೇಡಿ, ಅದೂ ನಿಷೇಧ.

ಮುಳ್ಳೇರಿಯದ ನರ್ಸ್, ಮಸ್ಕತ್:

ವಿಮಾನದಲ್ಲಿ ಮೂರೂವರೆ ನಾಲ್ಕು ಗಂಟೆಯೇ ಆದ್ರೂ ಗಂಟೆಗೊಮ್ಮೆ ಎದ್ದು ನಡೀರಿ, ಬಸುರಿಯರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಕರಿಡಾರ್ ಬದಿಯ ಸೀಟು ತಗೊಳ್ಳಿ, ನೀರು ಕುಡೀರಿ, ಬಾತ್‌ರೂಮಿಗೆ ಹೋಗ್ಬೇಕಾಗ್ತದೆ ಅಂತ ಕುಡಿಯದೆ ಕೂರಬೇಡಿ. ಬೆಲ್ಟ್ ಹೊಟ್ಟೆಯ ಮೇಲೆ ಅಲ್ಲ, ಹೊಟ್ಟೆಯ ಕೆಳಗೆ ಸೊಂಟಕ್ಕೆ. ಒಂದೇ ಕಾಲು ಬಾತು ನೋವು ಬಂದ್ರೆ, ಬ್ಲೀಡಿಂಗ್, ಕಣ್ಣು ಮಂಜಾಗುವ ಹಾಗೆ ತಲೆನೋವು, ಮಗುವಿನ ಅಲುಗಾಟ ಕಡಿಮೆ ಆದ್ರೆ ಟಿಕೆಟ್ ಹಣ ಹೋದ್ರೂ ಹೋಗಲಿ, ಆಸ್ಪತ್ರೆಗೆ ಹೋಗಿ. ಸ್ಕ್ಯಾನ್ ಬ್ಲಡ್ ರಿಪೋರ್ಟೆಲ್ಲ ಕೈಬ್ಯಾಗಲ್ಲಿರಲಿ. ಹಾಂ, ಗಲ್ಫಲ್ಲಿ ಸ್ಕ್ಯಾನ್ ಮಾಡುವಾಗ ಗಂಡೋ ಹೆಣ್ಣೋ ಹೇಳ್ತಾರೆ, ಊರಿಗೆ ಬಂದು ಅಲ್ಲಿಯ ಡಾಕ್ಟರ ಹತ್ರ ಅದನ್ನು ಕೇಳ್ಲಿಕ್ಕೆ ಹೋಗಬೇಡಿ, ನಮ್ಮಲ್ಲಿ 1994ರ ಕಾನೂನು ಪ್ರಕಾರ ಹೇಳುವುದೇ ಅಪರಾಧ.

ಕುಂಬಳೆಯವಳು, ಅಲ್ ಐನ್:

ಸಲಾಲಾ ಹೋಗಿ, ಖಂಡಿತ ಹೋಗಿ, ಆದ್ರೆ ದಯವಿಟ್ಟು ಕಾರಲ್ಲಿ ಬೇಡ. ನಾವು ಹೋದದ್ದು ಕಾರಲ್ಲಿ, ನನಗೆ ಆಗ 25 ವಾರ. ದುಬೈಯಿಂದ ಸಾವಿರದ ಇನ್ನೂರು ಕಿಲೋಮೀಟರ್ ಹತ್ರ, ಆದಂ ಕಳೆದ ಮೇಲೆ ಹೈಮಾ, ಥುಮ್ರೈತ್‌ವರೆಗೆ ನೇರ ಮರುಭೂಮಿ, ಒಂದು ಮರ ಇಲ್ಲ, ನನಗೆ ಅರ್ಧ ಗಂಟೆಗೊಮ್ಮೆ ಮೂತ್ರ, ಪೆಟ್ರೋಲ್ ಪಂಪ್ ಎಲ್ಲುಂಟು ಅಂತ ಕಣ್ಣು ಕಿಸಿದು ನೋಡುವುದೇ ಕೆಲಸ. ಹೊಟ್ಟೆಯಲ್ಲಿ ಒಮ್ಮೆ ಗಟ್ಟಿಯಾದ ಹಾಗೆ ಆಗಿ ಇವರ ಮುಖ ಬಿಳುಚಿತು, ಅಲ್ಲಿ ಆಸ್ಪತ್ರೆ ಹುಡುಕುವುದೆಲ್ಲಿಂದ. ವಾಪಸ್ ಬರುವಾಗ ನಾನು ವಿಮಾನ, ಅವರು ಕಾರು.

ಆದ್ರೆ ಆ ಗುಡ್ಡ ಇಳಿದ ಕೂಡಲೇ ಎಂತ ಹೇಳುವುದು, 45 ಡಿಗ್ರಿಯಿಂದ ಬಂದವರಿಗೆ ಜಿರಿಜಿರಿ ಮಳೆ, ಮಂಜು, ಗುಡ್ಡವೆಲ್ಲ ಹಸಿರು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಖರೀಫ್ ಅಂತ ಹೇಳುವುದು, ನಮ್ಮ ಆಟಿ ತಿಂಗಳಿನ ಹಾಗೆಯೇ, ಗುಡುಗು ಮಾತ್ರ ಇಲ್ಲ. ಮಾರ್ಗದ ಬದಿಯಲ್ಲಿ ಗೂಡಂಗಡಿಯಲ್ಲಿ ಬೊಂಡ (ಎಳನೀರು), ಬಾಳೆಗೊನೆ, ಪಪ್ಪಾಯಿ ನೇತಾಡ್ತದೆ, ಪಪ್ಪಾಯಿ ನೋಡಿ ನಾನೇ ಮುಖ ತಿರುಗಿಸಿದೆ, ಅಜ್ಜಿ ಕನಸಲ್ಲಿ ಬಂದು ಬೈತಾರೆ. ಬೊಂಡ ಮೂರು ಕುಡಿದೆ. ಆರು ತಿಂಗಳಿಂದ ಉಪ್ಪುಸೊಳೆ (ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ) ಪಲ್ಯ ತಿನ್ಬೇಕು ಅಂತ ಇದ್ದ ಬಯಕೆ ಆ ಮಳೆ ನೋಡಿ ಇನ್ನೂ ಜೋರಾಯ್ತು, ಅಳು ಬಂತು. ಒಂದು ತೊಂದರೆ, ಅಲ್ಲಿ ಎಲ್ಲ ಕಡೆ ಲೋಬಾನದ ಹೊಗೆ, ವಾಸನೆಗೆ ವಾಂತಿ ಬರುವವರಾದ್ರೆ ಹಳೇ ಮಾರ್ಕೆಟಿಗೆ ಹೋಗಬೇಡಿ. ಚಪ್ಪಲಿ ಜಾರದ್ದು ಹಾಕಿ, ಬೆಟ್ಟದ ಕೆಸರು ಜಾರ್ತದೆ. ನಿಮಗೆ ಆಗಸ್ಟಲ್ಲಿ 26 ವಾರ ಅಲ್ವಾ, ಒಳ್ಳೇ ಟೈಮು.

ಬದಿಯಡ್ಕದ ಅಪ್ಪ, ಅಬುಧಾಬಿ:

ಹೆಂಗಸರ ಮಧ್ಯೆ ಮಾತಾಡ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ರಜೆಯ ತಪ್ಪಾದದ್ದು ಹೇಳ್ತೇನೆ. ನಾನು ಡ್ಯೂ ಡೇಟ್ ನೋಡಿ ಅದಕ್ಕೆ ಸರಿಯಾಗಿ ಟಿಕೆಟ್ ತೆಗೆದದ್ದು, ಮಗಳು ಹದಿನೆಂಟು ದಿನ ಮೊದಲೇ ಬಂದ್ಲು. ನಾನು ಆಗ ಸೈಟಲ್ಲಿ, ಹೆಲ್ಮೆಟ್ ಹಾಕ್ಕೊಂಡು ವಿಡಿಯೋ ಕಾಲಲ್ಲಿ ನೋಡಿದೆ, ಮಾವ ಫೋನ್ ತಿರುಗಿಸಿ ಹಿಡಿದಿದ್ರು, ಅರ್ಧ ಹೊತ್ತು ಆಸ್ಪತ್ರೆಯ ಫ್ಯಾನ್ ಕಂಡದ್ದು. ಇಲ್ಲಿ ಪ್ರೈವೇಟಲ್ಲಿ ಅಪ್ಪನಿಗೆ ಮಗು ಆದ ಮೇಲೆ ಸಂಬಳದ ರಜೆ 5 ದಿನ ಉಂಟು, ಆರು ತಿಂಗಳೊಳಗೆ ತಗೊಳ್ಬಹುದು, ಅದನ್ನು ವಾರ್ಷಿಕ ರಜೆಗೆ ಸೇರಿಸಿ. ನೀವು ಕೆಲಸದಲ್ಲಿದ್ರೆ ನಿಮಗೆ 60 ದಿನ, 45 ಪೂರ್ತಿ ಸಂಬಳ, 15 ಅರ್ಧ. ಸೀಮಂತಕ್ಕೆ ಗಂಡ ಬರಬೇಕು ಅಂತ ಹಠ ಮಾಡಬೇಡಿ, ಹೆರಿಗೆಗೆ ಇರಲಿ ಅವರು.

ಪೆರ್ಲದ ಹುಡುಗಿ, ಶಾರ್ಜಾ:

ಅಯ್ಯೋ ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇವರೂ ಪಕ್ಕದಲ್ಲಿ ಕೂತು ಪೂರ್ತಿ ಓದಿದ್ರು. ಸಲಾಲಾ ವಿಮಾನದಲ್ಲಿ, ಮೂರು ದಿನ ಅಂತ ಆಯ್ತು. ಊರಿಗೆ ಬರುವುದು ಹೆಚ್ಚು ಕಡಿಮೆ ಖಚಿತ, ಸೆಪ್ಟೆಂಬರ್ 6ರ ಟಿಕೆಟ್ ನೋಡಿ ಇಟ್ಟಿದ್ದೇನೆ, ಕ್ಯಾಲೆಂಡರಲ್ಲಿ ಮಾರ್ಚ್ ಮೊದಲ ವಾರಕ್ಕೆ ಕೆಂಪು ಗೀಟು ಹಾಕಿಯಾಯ್ತು. ನೀರ್ಚಾಲಿನ ಅಕ್ಕಾ, ಕಾಸರಗೋಡಲ್ಲಿ ನೀವು ಹೇಳಿದ ಹಾಗೆ ಒಂದು ಫೈಲ್ ಮಾಡಿಸ್ಲಿಕ್ಕೆ ಅಣ್ಣನಿಗೆ ಹೇಳಿದೆ, ಅವನು ನಾಳೆ ಹೋಗ್ತಾನಂತೆ, ನಾನಿಲ್ಲದೆ ಫೈಲ್ ಹೇಗೆ ಮಾಡ್ತಾನೆ ಅಂತ ಅವನಿಗೂ ಹೊಳೆಯಲಿಲ್ಲ, ನನಗೂ ಈಗ ಬರೆಯುವಾಗಲೇ ಹೊಳೆದದ್ದು.

ನೀರ್ಚಾಲಿನ ಅಕ್ಕ:

😂 ಅಣ್ಣನನ್ನು ಸಾಮಾನಿಗೆ ಕಳಿಸು, ಫೈಲಿಗೆ ನೀನು ಬಂದ ಮೇಲೆ ಹೋಗುವ. ಬರುವಾಗ ಆ ಮ್ಯಾರೇಜ್ ಸರ್ಟಿಫಿಕೇಟ್ ಒರಿಜಿನಲ್ ಅಲ್ಲಿ ಬಿಟ್ಟು ಬರಬೇಡ.