ಜರ್ಮನ್ ಪದಕ ಅಸಲಿಯೋ ನಕಲಿಯೋ? ಪರೀಕ್ಷಕರನ್ನು ಕೇಳಿ

ಹಳೆ ಪದಕಗಳನ್ನು ಪರೀಕ್ಷಿಸುವವರೊಬ್ಬರು ನಮ್ಮ ಗುಂಪಿನಲ್ಲಿದ್ದಾರೆ. ಎರಡನೇ ಮಹಾಯುದ್ಧದ ಜರ್ಮನ್ ಪದಕಗಳ ಬಗ್ಗೆ ಇಲ್ಲೇ ಕೇಳಿ.

ಬೆಳಗಾವಿ: ನಮಸ್ಕಾರ ಸರ್. ನಮ್ಮ ಅಜ್ಜ ಮರಾಠಾ ರೆಜಿಮೆಂಟಿನಲ್ಲಿದ್ದರು, 1944ರಲ್ಲಿ ಇಟಲಿಗೆ ಹೋಗಿದ್ದರು. ಅವರ ಟ್ರಂಕಿನಲ್ಲಿ ಐರನ್ ಕ್ರಾಸ್ ಅನ್ನುವ ಜರ್ಮನ್ ಸೇನಾ ಪದಕ ಸಿಕ್ಕಿದೆ. ಮುಂದೆ ಸ್ವಸ್ತಿಕ, 1939. ಹಿಂದೆ 1813. ಮೇಲಿನ ಬಳೆಯಲ್ಲಿ 65 ಅಂತ ಇದೆ. ಆಯಸ್ಕಾಂತ ಹಿಡಿಯುತ್ತದೆ. ಆದರೆ ಯುವಿ ಟಾರ್ಚ್ ಬಿಟ್ಟರೆ ರಿಬ್ಬನ್ ನೀಲಿಯಾಗಿ ಹೊಳೆಯುತ್ತದೆ. ನಕಲಿ ಅಲ್ವಾ?

ಪರೀಕ್ಷಕರು: ರಿಬ್ಬನ್ ಹೊಳೆಯಿತು ಅಂತ ಪದಕವನ್ನೇ ತಳ್ಳಿಹಾಕಬೇಡಿ. ಯುದ್ಧಕಾಲದ ನೂಲು ಹಾಗೆ ಹೊಳೆಯುವುದಿಲ್ಲ, ನಿಜ. ಆದರೆ ಈಗಿನ ಸೋಪಿನ ಪುಡಿಯಲ್ಲಿ ಹೊಳಪು ಕೊಡುವ ರಾಸಾಯನಿಕ ಇರುತ್ತದೆ. ಮನೆಯಲ್ಲಿ ಯಾರೋ ಒಮ್ಮೆ ಒಗೆದಿದ್ದರೂ ಸಾಕು. ರಿಬ್ಬನ್ ಆಮೇಲೆ ಹಾಕಿಸಿದ್ದೂ ಇರಬಹುದು.

65 ಅನ್ನುವುದು ತಯಾರಕರ ಗುರುತು: ಜರ್ಮನಿಯ ಇಡಾರ್-ಒಬರ್‌ಸ್ಟೈನ್ ಊರಿನ ಕ್ಲೈನ್ ಉಂಡ್ ಕ್ವೆಂಟ್ಸರ್ ಕಂಪನಿ. ನಕಲು ಮಾಡುವವರಿಗೂ ಅದು ಗೊತ್ತು. ಆಯಸ್ಕಾಂತದ ಕಥೆಯೂ ಅಷ್ಟೇ. ಅಸಲಿಯ ನಡುವಿನ ತುಂಡು ಸಾಮಾನ್ಯವಾಗಿ ಕಬ್ಬಿಣ, ಕೆಲವದರಲ್ಲಿ ಹಿತ್ತಾಳೆಯೂ ಇದೆ. ಒಳ್ಳೆ ನಕಲಿನಲ್ಲೂ ಕಬ್ಬಿಣ ಹಾಕುತ್ತಾರೆ.

ಅಂಚು ನೋಡಿ. ಅಸಲಿಯಲ್ಲಿ ಮೂರು ತುಂಡು: ನಡುವೆ ಕಪ್ಪು ಬಣ್ಣದ ಕಬ್ಬಿಣ, ಅದಕ್ಕೆ ಹಿಂದೆ ಮುಂದೆ ಚೌಕಟ್ಟಿನ ಎರಡು ಅರ್ಧ, ಅವೆರಡಕ್ಕೂ ಬೆಸುಗೆ. ಪದಕವನ್ನು ಕಣ್ಣಿಗೆ ಅಡ್ಡ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಅಂಚಿನಲ್ಲಿ ಕೂದಲೆಳೆಯಷ್ಟು ಬೆಸುಗೆ ಗೆರೆ ಕಾಣಬೇಕು. ಉಜ್ಜಿ ನಯ ಮಾಡಿದ್ದರೂ ಅಲ್ಲಲ್ಲಿ ಉಳಿದಿರುತ್ತದೆ. ಚೌಕಟ್ಟಿಗೂ ಕಬ್ಬಿಣಕ್ಕೂ ನಡುವೆ ಸಣ್ಣ ಸಂದು ಇರುತ್ತದೆ, ತುಕ್ಕು ಹೆಚ್ಚಾಗಿ ಅಲ್ಲಿಂದಲೇ ಶುರು. ಒಟ್ಟಿಗೆ ಎರಕ ಹೊಯ್ದ ನಕಲಿನಲ್ಲಿ ಆ ಸಂದಿಲ್ಲ. ಅಂಕಿಗಳ ಮೂಲೆ ದುಂಡಗಿರುತ್ತದೆ, ಮೈಮೇಲೆ ಸೂಜಿಮೊನೆಯಷ್ಟು ತೂತುಗಳಿರುತ್ತವೆ.

ಮಾರುವವರೆಲ್ಲ ಒಂದು ಅಜ್ಜನ ಕಥೆ ಹೇಳುತ್ತಾರೆ. ನಿಮ್ಮದನ್ನು ನಾನು ನಂಬುತ್ತೇನೆ, ಆದರೂ ಅಂಚಿನ ಫೋಟೋ ಬೇಕು. ಅಜ್ಜನ ಕಾಗದಪತ್ರ ಪದಕದ ಜೊತೆಗೇ ಇರಲಿ, ಬೇರೆ ಮಾಡಬೇಡಿ.

ದಾವಣಗೆರೆ: ಹುಣಸೆಹಣ್ಣಿನಲ್ಲಿ ಉಜ್ಜಿ. ಅಸಲಿ ಬೆಳ್ಳಗಾಗುತ್ತದೆ, ನಕಲಿ ಕಪ್ಪಾಗುತ್ತದೆ. ಫಾರ್ವರ್ಡ್ ಬಂದಿತ್ತು.

ಪರೀಕ್ಷಕರು: ಯಾರೂ ಉಜ್ಜಬೇಡಿ! ಹುಳಿ ಬಿದ್ದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಕಪ್ಪು ಬಣ್ಣ ಏಳುತ್ತದೆ. ಒಮ್ಮೆ ಹೋದ ಬಣ್ಣ ವಾಪಸ್ ಬರುವುದಿಲ್ಲ. ಮೆತ್ತಗಿನ ಒಣ ಬ್ರಷ್ ಸಾಕು.

ಶಿವಮೊಗ್ಗ: ಸರ್, 1941/42ರ ಪೂರ್ವ ರಂಗದ ಚಳಿಗಾಲದ ಪದಕಕ್ಕೆ ಆಯಸ್ಕಾಂತ ಹಿಡಿಯುತ್ತಿಲ್ಲ.

ಪರೀಕ್ಷಕರು: ಹಿಡಿಯುವುದಿಲ್ಲ. ಅದು ಸತುವು.

ಹುಬ್ಬಳ್ಳಿ: ನನ್ನ ಹತ್ತಿರ ಜಲಾಂತರ್ಗಾಮಿ ಬ್ಯಾಡ್ಜ್ ಇದೆ. ಎಷ್ಟು ಬೆಲೆ ಬರಬಹುದು?

ಮ್ಯೂನಿಕ್: ಇಲ್ಲಿ ಓಕ್ ಎಲೆ ಇರುವ ಐರನ್ ಕ್ರಾಸ್ ಸಿಕ್ಕಿತು, ಸ್ವಸ್ತಿಕ ಇಲ್ಲ. ಸ್ವಸ್ತಿಕ ತೆಗೆದ ಪದಕ ಮಾತ್ರ ಧರಿಸಬಹುದು ಅಂತ ಇಲ್ಲಿ 1957ರ ಕಾನೂನು ಬಂದ ಮೇಲೆ ಹಳೆ ಯೋಧರು ಧರಿಸಲೆಂದು ಮಾಡಿದ್ದು.

ದಾವಣಗೆರೆ: ಯುದ್ಧ ಮುಗಿದ ಮೇಲೆ ಮಾಡಿದ್ದು ನಕಲೇ.

ಮ್ಯೂನಿಕ್: ಮೋಸಕ್ಕೆ ಮಾಡಿದ್ದು ನಕಲು. ಇದು ಕಾನೂನು ಪ್ರಕಾರ ಮಾಡಿದ್ದು.

ದಾವಣಗೆರೆ: ಯುದ್ಧ ನೋಡದ ಪದಕ, ಅಷ್ಟೇ. ಮನೆಯಲ್ಲಿ ಸ್ವಸ್ತಿಕ ಇಟ್ಟುಕೊಳ್ಳುವವರೂ ಸ್ವಲ್ಪ ನಾಚಿಕೊಳ್ಳಿ.

ಬೆಳಗಾವಿ: ನಮ್ಮ ಅಜ್ಜ ಅವರ ವಿರುದ್ಧ ಹೋರಾಡಿದವರು. ಮಾತು ನೋಡಿ ಆಡಿ.

ಪರೀಕ್ಷಕರು: ಜಗಳ ಸಾಕು. 1957ರ ಮಾದರಿ ಅಂತ ಹೇಳಿ ಮಾರಿದರೆ ತಪ್ಪಿಲ್ಲ. ಯುದ್ಧಕಾಲದ್ದು ಅಂತ ಮಾರಿದರೆ ಮೋಸ.

ಮೈಸೂರು: ಸುಭಾಷ್ ಬೋಸರು ಜರ್ಮನಿಯಲ್ಲಿದ್ದಾಗ ಶುರು ಮಾಡಿದ ಆಜಾದ್ ಹಿಂದ್ ಪದಕ, ವಿಯೆನ್ನಾದ ಸೌವಾಲ್ ಕಂಪನಿಯದು ಅಂತ ಕೊಟ್ಟರು. ಕಂಪನಿ ಸರಿ ಇದ್ದರೆ ಅಸಲಿಯೇ ಅಲ್ವಾ?

ಪರೀಕ್ಷಕರು: ಅಲ್ಲ. ಆ ಕಂಪನಿ ಯುದ್ಧದ ನಂತರವೂ ಪದಕ ಒತ್ತಿದೆ.

ತುಮಕೂರು: ಆಯಸ್ಕಾಂತ ಹಿಡಿದರೆ ಅಸಲಿ ಅಂತನಾ ಸರ್?

ಪರೀಕ್ಷಕರು: ಮೇಲೆ ಓದಿ.

ಹುಬ್ಬಳ್ಳಿ: ನನಗೆ ಉತ್ತರ ಬಂದಿಲ್ಲ. ಬೆಲೆ ಹೇಳಿ.

ದಾವಣಗೆರೆ: ನಿಂಬೆಹಣ್ಣು ಹಾಕಬಹುದಾ ಸರ್, ಹುಣಸೆ ಬೇಡ ಅಂದರೆ?

ಪರೀಕ್ಷಕರು: ಹುಳಿ ಯಾವುದಾದರೂ ಹುಳಿಯೇ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಉತ್ತರ ಬರೆಯುವುದು ನಿಲ್ಲಿಸುತ್ತೇನೆ. ಬೆಳಗಾವಿಯವರೇ, ಅಂಚಿನ ಫೋಟೋ ಇನ್ನೂ ಬಂದಿಲ್ಲ.